ತರಗತಿಗೆ ಆನ್‌ಲೈನ್ ಸಹಯೋಗ ಸಾಧನಗಳು: ಶಿಕ್ಷಕರು ಕಲಿಯುವ ಕ್ರಮ

ಇಡೀ ತರಗತಿ ಒಂದೇ ಪುಟವನ್ನು ಏಕಕಾಲದಲ್ಲಿ ತೆರೆದು, ಒಬ್ಬರು ಬರೆಯುತ್ತಿರುವುದನ್ನು ಇನ್ನೊಬ್ಬರು ಆ ಕ್ಷಣವೇ ನೋಡುತ್ತ ಕೆಲಸ ಮಾಡುವುದು ಈಗ ಹೊಸ ಸಂಗತಿಯೇನಲ್ಲ. ಯಾರು ಬೇಕಾದರೂ ತಿದ್ದಬಹುದಾದ ಜಾಲಪುಟವನ್ನು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ವಿಕಿ ಎಂಬ ಹೆಸರಿನಲ್ಲಿ ಸಾರ್ವಜನಿಕರ ಮುಂದಿಟ್ಟರು. 2006ರಲ್ಲಿ ಗೂಗಲ್ ಕಂಪನಿ ರೈಟ್ಲಿ ಎಂಬ ಸೇವೆಯನ್ನು ಕೊಂಡು, ಅದನ್ನೇ ಗೂಗಲ್ ಡಾಕ್ಸ್ ಆಗಿ ಬೆಳೆಸಿತು. 2008ರಲ್ಲಿ ಬಂದ ಈಥರ್‌ಪ್ಯಾಡ್, ಬರೆಯುವ ಒಬ್ಬೊಬ್ಬರ ಪದಗಳಿಗೂ ಒಂದೊಂದು ಹಿನ್ನೆಲೆ ಬಣ್ಣ ಕೊಟ್ಟು, ಯಾರ ಪಾಲು ಎಷ್ಟೆಂಬುದನ್ನು ಒಂದೇ ನೋಟಕ್ಕೆ ಕಾಣುವಂತೆ ಮಾಡಿತು. ಅಂದರೆ ತಂತ್ರಜ್ಞಾನ ಬಹಳ ಹಿಂದೆಯೇ ಸಿದ್ಧವಾಗಿದೆ. ಆದರೂ ಹಲವು ತರಗತಿಗಳಲ್ಲಿ ಹಂಚಿಕೊಂಡ ಕಡತ ತೆರೆದುಕೊಂಡ ಮೇಲೆ ಇಬ್ಬರು ಬರೆಯುತ್ತಾರೆ, ಮೂವರು ನೋಡುತ್ತಾರೆ, ಒಬ್ಬ ವಿದ್ಯಾರ್ಥಿ ಶೀರ್ಷಿಕೆಯ ಬಣ್ಣ ಬದಲಿಸುತ್ತ ಕೂರುತ್ತಾನೆ. ಪುಟವನ್ನು ಹಂಚಿದ ಮಾತ್ರಕ್ಕೆ ಕೆಲಸ ಹಂಚಿಕೆಯಾಗುವುದಿಲ್ಲ. ಇದನ್ನು ಮೊದಲೇ ಮನಗಂಡ ಶಿಕ್ಷಕರು ಸಾಧನವನ್ನು ಕಲಿಯುವ ಕ್ರಮವೇ ಬೇರೆಯಾಗಿರುತ್ತದೆ. ಅವರು ಗುಂಡಿಗಳನ್ನು ಬೇಗ ಕಲಿತು ಮುಗಿಸಿ, ಉಳಿದ ಸಮಯವನ್ನೆಲ್ಲ ಚಟುವಟಿಕೆಯನ್ನು ಹೊಂದಿಸುವುದಕ್ಕೆ ಕೊಡುತ್ತಾರೆ.

ಗುಂಪಿನಲ್ಲಿ ಕೆಲವರು ಹಿಂದೆ ಸರಿಯುವುದು ಇಂಟರ್‌ನೆಟ್ಟಿನಿಂದ ಹುಟ್ಟಿದ ದೋಷವಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಅವರ ಬಲವನ್ನು ಅಳೆದಿದ್ದರು. 1913ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎಳೆಯುವವರ ಸಂಖ್ಯೆ ಹೆಚ್ಚಿದಂತೆ ತಲಾ ಹಾಕುವ ಬಲ ಕಡಿಮೆಯಾಗುತ್ತ ಹೋಗುತ್ತದೆ. 1979ರಲ್ಲಿ ಮನೋವಿಜ್ಞಾನಿ ಬಿಬ್ ಲತಾನೆ ಮತ್ತು ಅವರ ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿಸಿ, ಕೂಗಿಸಿ ನಡೆಸಿದ ಪ್ರಯೋಗಗಳಲ್ಲಿಯೂ ಇದೇ ಪ್ರವೃತ್ತಿ ಕಂಡುಬಂತು. ತನ್ನ ಪಾಲು ಪ್ರತ್ಯೇಕವಾಗಿ ಗುರುತಿಗೆ ಸಿಗುತ್ತದೆ ಎಂದು ತಿಳಿದಾಗ ಜನ ಹೀಗೆ ಸಡಿಲಗೊಳ್ಳುವುದು ಕಡಿಮೆಯಾಗುತ್ತದೆ ಎಂಬುದನ್ನು ಮುಂದಿನ ಅಧ್ಯಯನಗಳು ತೋರಿಸಿದವು. ಸಹಯೋಗ ಸಾಧನಗಳ ದೊಡ್ಡ ಬಲ ಇರುವುದು ಇಲ್ಲಿಯೇ: ಯಾರು ಏನು ಬರೆದರು, ಯಾವಾಗ ಬರೆದರು ಎಂಬುದನ್ನು ಅವು ದಾಖಲಿಸಿಡುತ್ತವೆ. ಶಿಕ್ಷಕರು ಆ ಬಲವನ್ನು ಬಳಸಿಕೊಳ್ಳಲು ಕಲಿಯಬೇಕು.

ಮೊದಲು ಒಂದೇ ಸಾಧನ

ಹೊಸದಾಗಿ ಆರಂಭಿಸುವವರು ಹತ್ತಾರು ಆ್ಯಪ್‌ಗಳ ಪಟ್ಟಿ ಹಿಡಿದು ಹೊರಡಬಾರದು. ತರಗತಿಯ ಬಹುಪಾಲು ಸಹಯೋಗಕ್ಕೆ ನಾಲ್ಕು ಬಗೆಯ ಸಾಧನಗಳು ಸಾಕಾಗುತ್ತವೆ: ಒಟ್ಟಿಗೆ ಬರೆಯುವ ಪುಟ, ಒಟ್ಟಿಗೆ ತುಂಬುವ ಕೋಷ್ಟಕ, ಒಟ್ಟಿಗೆ ಕಟ್ಟುವ ಸ್ಲೈಡ್‌ಗಳು ಮತ್ತು ಚೀಟಿಗಳನ್ನು ಅಂಟಿಸಬಹುದಾದ ಫಲಕ. ಗೂಗಲ್ ಡಾಕ್ಸ್, ಶೀಟ್ಸ್, ಸ್ಲೈಡ್ಸ್ ಮೊದಲ ಮೂರನ್ನು ಪೂರೈಸುತ್ತವೆ. ಮೈಕ್ರೋಸಾಫ್ಟ್‌ನ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳ ಆನ್‌ಲೈನ್ ರೂಪಗಳೂ ಅದೇ ಕೆಲಸ ಮಾಡುತ್ತವೆ. ಫಲಕಕ್ಕೆ ಪ್ಯಾಡ್‌ಲೆಟ್ ಅಥವಾ ಮೈಕ್ರೋಸಾಫ್ಟ್ ವೈಟ್‌ಬೋರ್ಡ್ ಇದೆ. ಖಾತೆ ತೆರೆಯುವ ಗೊಡವೆಯೇ ಬೇಡವೆನ್ನುವವರಿಗೆ ಈಥರ್‌ಪ್ಯಾಡ್ ಒದಗುತ್ತದೆ. ಅದರ ಮೂಲ ಕೋಡ್ 2009ರ ಕೊನೆಯಲ್ಲಿ ಮುಕ್ತವಾದ್ದರಿಂದ ಸಂಸ್ಥೆಗಳು ಅದನ್ನು ತಮ್ಮ ಸರ್ವರಿನಲ್ಲಿಯೇ ಸ್ಥಾಪಿಸಿಕೊಳ್ಳಬಹುದು.

ಇವುಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ನಿಮ್ಮ ಸಂಸ್ಥೆ ವಿದ್ಯಾರ್ಥಿಗಳಿಗೆ ಯಾವ ಖಾತೆಯನ್ನು ಈಗಾಗಲೇ ಕೊಟ್ಟಿದೆಯೋ ಆ ಖಾತೆಯಲ್ಲಿ ಸಿಗುವ ಬರೆಯುವ ಪುಟವನ್ನೇ ಮೊದಲು ಕಲಿಯಿರಿ. ಇನ್ನೊಂದು ಸಾಧನ ಇದಕ್ಕಿಂತ ಚೆನ್ನಾಗಿರಬಹುದು. ಆದರೆ ಹೊಸ ಖಾತೆ, ಹೊಸ ಪಾಸ್‌ವರ್ಡ್, ಹೊಸ ಪರದೆ ಎಂದು ತರಗತಿಯ ಮೊದಲ ಇಪ್ಪತ್ತು ನಿಮಿಷ ಕಳೆದುಹೋದರೆ ಆ ಒಳ್ಳೆಯತನದಿಂದ ಪ್ರಯೋಜನವಿಲ್ಲ. ಒಂದು ಪುಟದಲ್ಲಿ ಹಂಚುವುದು, ಕಾಮೆಂಟ್ ಮಾಡುವುದು, ಸಲಹೆ ಕೊಡುವುದು, ಹಿಂದಿನ ರೂಪಕ್ಕೆ ಮರಳುವುದು ಈ ನಾಲ್ಕನ್ನು ಗಟ್ಟಿಯಾಗಿ ಕಲಿತವರಿಗೆ ಉಳಿದ ಸಾಧನಗಳಲ್ಲಿಯೂ ಇವೇ ನಾಲ್ಕು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ.

ವಿದ್ಯಾರ್ಥಿಯ ಪರದೆಯಿಂದ ನೋಡುವುದು

ಶಿಕ್ಷಕರ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಕಡತದ ಮಾಲೀಕರು ಅವರೇ. ವಿದ್ಯಾರ್ಥಿಗೆ ಅದೇ ಲಿಂಕ್ ‘ನಿಮಗೆ ಅನುಮತಿ ಇಲ್ಲ’ ಎಂದು ಹೇಳುತ್ತಿರಬಹುದು. ಆದ್ದರಿಂದ ಅಭ್ಯಾಸಕ್ಕೆ ಕೂರುವಾಗ ಎರಡು ಖಾತೆಗಳನ್ನು ಇಟ್ಟುಕೊಳ್ಳಿ. ಒಂದು ಬ್ರೌಸರಿನಲ್ಲಿ ಶಿಕ್ಷಕರಾಗಿಯೂ, ಇನ್ನೊಂದು ಬ್ರೌಸರಿನಲ್ಲಿ ಅಥವಾ ಮೊಬೈಲಿನಲ್ಲಿ ವಿದ್ಯಾರ್ಥಿಯಾಗಿಯೂ ಲಾಗಿನ್ ಆಗಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕೆಲಸ ಮಾಡಿ. ಮೊಬೈಲಿನಲ್ಲಿ ಪರೀಕ್ಷಿಸುವುದನ್ನು ಬಿಡಬೇಡಿ: ಕಂಪ್ಯೂಟರಿನಲ್ಲಿ ಅಂದವಾಗಿ ಕಾಣುವ ಆರು ಅಂಕಣಗಳ ಕೋಷ್ಟಕ ಮೊಬೈಲಿನ ಪರದೆಯಲ್ಲಿ ಓದಲಾಗದಷ್ಟು ಇಕ್ಕಟ್ಟಾಗುತ್ತದೆ, ಮತ್ತು ಎಷ್ಟೋ ವಿದ್ಯಾರ್ಥಿಗಳ ಬಳಿ ಇರುವುದು ಮೊಬೈಲ್ ಮಾತ್ರ. ಕನ್ನಡದಲ್ಲಿ ಬರೆಸುವುದಾದರೆ, ಎಲ್ಲರ ಸಾಧನದಲ್ಲೂ ಯೂನಿಕೋಡ್ ಕನ್ನಡ ಕೀಲಿಮಣೆ ಇದೆಯೇ ಎಂಬುದನ್ನು ಹಿಂದಿನ ದಿನವೇ ಖಚಿತಪಡಿಸಿಕೊಳ್ಳಬೇಕು. ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯವನ್ನು ತೋರಿಸಿಕೊಟ್ಟರೆ ಟೈಪಿಂಗ್ ಬಾರದವರೂ ಹಿಂದೆ ಬೀಳುವುದಿಲ್ಲ.

ಅನುಮತಿಯ ವಿಷಯದಲ್ಲಿ ಮೂರು ಹಂತಗಳನ್ನು ತಿಳಿದಿರಬೇಕು: ನೋಡುವುದಕ್ಕೆ ಮಾತ್ರ, ಕಾಮೆಂಟ್ ಮಾಡುವುದಕ್ಕೆ, ತಿದ್ದುವುದಕ್ಕೆ. ಇದರ ಜೊತೆಗೆ ಕಡತ ಯಾರಿಗೆ ತೆರೆದಿದೆ ಎಂಬುದು ಪ್ರತ್ಯೇಕ ಪ್ರಶ್ನೆ. ಹೆಸರಿಸಿದ ಖಾತೆಗಳಿಗೆ ಮಾತ್ರ ತೆರೆದರೆ ಬರೆದವರೆಲ್ಲರ ಹೆಸರು ಕಾಣುತ್ತದೆ. ‘ಲಿಂಕ್ ಇರುವ ಯಾರಾದರೂ’ ಎಂದು ತೆರೆದರೆ, ಲಾಗಿನ್ ಆಗದೆ ಬಂದವರು ಗೂಗಲ್ ಡಾಕ್ಸ್‌ನಲ್ಲಿ ಯಾವುದೋ ಪ್ರಾಣಿಯ ಹೆಸರಿನ ಅನಾಮಧೇಯರಾಗಿ ಕಾಣಿಸಿಕೊಳ್ಳುತ್ತಾರೆ; ಆಗ ಯಾರ ಪಾಲು ಯಾವುದೆಂಬ ದಾಖಲೆ ಕೈತಪ್ಪುತ್ತದೆ. ಮಕ್ಕಳು ಅನಾಮಧೇಯತೆಯ ಮರೆಯಲ್ಲಿ ಪರಸ್ಪರರ ಬರಹವನ್ನು ಅಳಿಸುವುದು, ಅನುಚಿತ ಮಾತು ಬರೆಯುವುದು ಹೆಚ್ಚಾಗಿ ನಡೆಯುವುದೂ ಇಂಥ ಕಡತಗಳಲ್ಲಿಯೇ. ಹಾಗಾಗಿ ತಿದ್ದುವ ಅನುಮತಿಯನ್ನು ಲಾಗಿನ್ ಆದ ಖಾತೆಗಳಿಗೆ ಮಾತ್ರ ಕೊಡಬೇಕು ಎಂಬುದನ್ನು ನಾನು ನಿಯಮವೆಂದೇ ಹೇಳುತ್ತೇನೆ. ಹಂಚಿಕೆಯ ಸೆಟ್ಟಿಂಗ್ಸ್‌ನಲ್ಲಿ, ತಿದ್ದುವವರು ಇತರರಿಗೂ ಹಂಚಬಹುದು ಎಂಬ ಆಯ್ಕೆ ಇರುತ್ತದೆ. ಅದನ್ನು ತೆಗೆದುಹಾಕಿದರೆ ತರಗತಿಯ ಹೊರಗಿನವರು ಒಳಬರುವ ದಾರಿ ಮುಚ್ಚುತ್ತದೆ.

ಗೂಗಲ್ ಕ್ಲಾಸ್‌ರೂಮ್ ಬಳಸುವವರು ಇನ್ನೊಂದು ಆಯ್ಕೆಯನ್ನು ಎಚ್ಚರಿಕೆಯಿಂದ ನೋಡಬೇಕು. ಕೆಲಸಕ್ಕೆ ಕಡತ ಲಗತ್ತಿಸುವಾಗ, ವಿದ್ಯಾರ್ಥಿಗಳು ನೋಡಬಹುದು, ಎಲ್ಲರೂ ಅದೇ ಕಡತವನ್ನು ತಿದ್ದಬಹುದು, ಒಬ್ಬೊಬ್ಬರಿಗೂ ಬೇರೆ ಪ್ರತಿ ಎಂಬ ಮೂರು ಆಯ್ಕೆಗಳು ಸಿಗುತ್ತವೆ. ತಾನಾಗಿ ಆಯ್ಕೆಯಾಗಿರುವುದು ಮೊದಲನೆಯದು. ಪ್ರತ್ಯೇಕ ಪ್ರತಿ ಬೇಕಿದ್ದರೆ ಕೆಲಸವನ್ನು ಪ್ರಕಟಿಸುವ ಮೊದಲೇ ಅದನ್ನು ಆರಿಸಬೇಕು. ಪ್ರಕಟಿಸಿದ ಮೇಲೆ ಬದಲಿಸಲಾಗದು.

ಒಬ್ಬರಿಂದ ಮುಗಿಯದ ಕೆಲಸವನ್ನು ಕೊಡುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಜಲಚಕ್ರದ ಬಗ್ಗೆ ಗುಂಪಾಗಿ ಒಂದು ಪ್ರಬಂಧ ಬರೆಯಿರಿ’ ಎಂಬ ಕೆಲಸವನ್ನು ಗುಂಪಿನ ಚುರುಕಾದ ವಿದ್ಯಾರ್ಥಿ ಒಬ್ಬನೇ ಬರೆದು ಮುಗಿಸಬಲ್ಲ. ಬಹಳಷ್ಟು ಸಲ ನಡೆಯುವುದೂ ಅದೇ. ಅಲ್ಲಿ ಸಹಯೋಗದ ಅಗತ್ಯವೇ ಇಲ್ಲ. ಸಹಯೋಗ ಹುಟ್ಟಬೇಕಾದರೆ, ಇತರರ ಪಾಲಿಲ್ಲದೆ ಯಾರಿಗೂ ಉತ್ತರ ಸಿಗದಂತೆ ಕೆಲಸವನ್ನು ಕಟ್ಟಬೇಕು.

ಭೌತಶಾಸ್ತ್ರದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರಳ ಲೋಲಕದ ದಾರದ ಉದ್ದಕ್ಕೂ ಅದರ ಆಂದೋಲನದ ಅವಧಿಗೂ ಇರುವ ಸಂಬಂಧವನ್ನು ಮಕ್ಕಳು ತಾವೇ ಕಂಡುಕೊಳ್ಳಬೇಕಿದೆ. ಒಂದು ಗುಂಪಿಗೆ 25 ಸೆಂಟಿಮೀಟರ್, ಇನ್ನೊಂದಕ್ಕೆ 40, ಮತ್ತೊಂದಕ್ಕೆ 60, ಕೊನೆಯದಕ್ಕೆ 100 ಎಂದು ಬೇರೆ ಬೇರೆ ಉದ್ದ ಕೊಡಿ. ಎಲ್ಲರೂ ಹತ್ತು ಆಂದೋಲನಗಳ ಸಮಯವನ್ನು ಅಳೆದು ಹಂಚಿಕೊಂಡ ಕೋಷ್ಟಕದ ತಮ್ಮ ಸಾಲಿನಲ್ಲಿ ತುಂಬಲಿ. ಪಕ್ಕದ ಅಂಕಣ ಅದನ್ನು ಹತ್ತರಿಂದ ಭಾಗಿಸುವಂತೆಯೂ, ಬದಿಯಲ್ಲಿರುವ ನಕ್ಷೆ ಆ ಸಂಖ್ಯೆಗಳನ್ನು ತಾನಾಗಿ ಬಿಂದುಗಳಾಗಿ ತೋರಿಸುವಂತೆಯೂ ಮೊದಲೇ ಸಿದ್ಧಪಡಿಸಿಡಿ. ಒಂದು ಗುಂಪಿನ ಬಳಿ ಇರುವುದು ಒಂದೇ ಬಿಂದು. ಅದರಿಂದ ಏನೂ ತಿಳಿಯದು. ಎಲ್ಲ ಗುಂಪುಗಳ ಬಿಂದುಗಳು ಸೇರಿದಾಗ ಬಾಗಿದ ರೇಖೆಯೊಂದು ಮೂಡುತ್ತದೆ, ಮತ್ತು 25 ಸೆಂಟಿಮೀಟರಿಗೆ ಸುಮಾರು 1 ಸೆಕೆಂಡ್ ಇದ್ದ ಅವಧಿ 100 ಸೆಂಟಿಮೀಟರಿಗೆ ಸುಮಾರು 2 ಸೆಕೆಂಡ್ ಮಾತ್ರ ಆಗಿರುವುದನ್ನು ಮಕ್ಕಳೇ ಗುರುತಿಸುತ್ತಾರೆ. ಉದ್ದ ನಾಲ್ಕು ಪಟ್ಟಾದರೆ ಅವಧಿ ಎರಡು ಪಟ್ಟು. ಯಾವುದಾದರೂ ಗುಂಪಿನ ಬಿಂದು ರೇಖೆಯಿಂದ ದೂರ ನಿಂತರೆ ಅವರು ಆಂದೋಲನವನ್ನು ತಪ್ಪಾಗಿ ಎಣಿಸಿದ್ದಾರೆಂದು ಅರ್ಥ. ಶಿಕ್ಷಕರು ಹೇಳುವ ಮೊದಲೇ ಆ ಗುಂಪು ಮತ್ತೆ ಅಳೆಯಲು ಹೊರಡುತ್ತದೆ. ಇಂಥ ಕ್ಷಣ ಒಂದಾದರೂ ಬರುವ ಪಾಠಕ್ಕೆ ಸಾಧನ ಸಾರ್ಥಕವಾಯಿತೆಂದು ನಾನು ನಂಬುತ್ತೇನೆ.

ಕೋಷ್ಟಕ ಬಳಸುವಾಗ ಎರಡು ಮುನ್ನೆಚ್ಚರಿಕೆ ಬೇಕು. ಸೂತ್ರಗಳಿರುವ ಕೋಶಗಳನ್ನು ‘ಪ್ರೊಟೆಕ್ಟ್’ ಆಯ್ಕೆಯಿಂದ ಬೀಗ ಹಾಕಿಡಿ, ಇಲ್ಲವಾದರೆ ಯಾರದೋ ಬೆರಳು ತಗುಲಿ ಲೆಕ್ಕವೇ ಕೆಡುತ್ತದೆ. ಒಬ್ಬ ವಿದ್ಯಾರ್ಥಿ ಸಾಲುಗಳನ್ನು ವಿಂಗಡಿಸಿದರೆ ಎಲ್ಲರ ಪರದೆಯಲ್ಲೂ ಸಾಲು ಜಾರುವುದರಿಂದ, ತಮಗಷ್ಟೇ ಕಾಣುವಂತೆ ವಿಂಗಡಿಸುವ ‘ಫಿಲ್ಟರ್ ವ್ಯೂ’ವನ್ನು ಬಳಸುವುದು ಹೇಗೆಂದು ಮೊದಲೇ ತೋರಿಸಬೇಕು.

ವಿಜ್ಞಾನದಾಚೆಗಿನ ವಿಷಯಗಳಿಗೆ ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದ ‘ಜಿಗ್‌ಸಾ’ ವಿಧಾನ ಸೊಗಸಾಗಿ ಹೊಂದುತ್ತದೆ. ಭಿನ್ನ ಜನಾಂಗಗಳ ಮಕ್ಕಳು ಹೊಸದಾಗಿ ಒಂದೇ ಕೋಣೆಯಲ್ಲಿ ಕುಳಿತು ಪರಸ್ಪರ ಹಗೆ ಸಾಧಿಸುತ್ತಿದ್ದ ಕಾಲದಲ್ಲಿ, ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡುವುದೇ ಆ ವಿಧಾನದ ಗುರಿಯಾಗಿತ್ತು. ಪಾಠವನ್ನು ನಾಲ್ಕೈದು ತುಂಡು ಮಾಡಿ, ಗುಂಪಿನ ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ತುಂಡು ಕೊಡಲಾಗುತ್ತದೆ. ಒಂದೇ ತುಂಡು ಸಿಕ್ಕವರು ಬೇರೆ ಬೇರೆ ಗುಂಪುಗಳಿಂದ ಬಂದು ಒಟ್ಟಿಗೆ ಕುಳಿತು ಅದನ್ನು ಅರಗಿಸಿಕೊಂಡು, ಆಮೇಲೆ ತಮ್ಮ ಗುಂಪಿಗೆ ಮರಳಿ ಕಲಿಸುತ್ತಾರೆ. ಇದನ್ನು ಆನ್‌ಲೈನಿಗೆ ತರುವುದು ಸುಲಭ. ಒಂದು ಸ್ಲೈಡ್ ಕಡತ ತೆರೆದು, ಒಂದೊಂದು ತುಂಡಿಗೆ ಒಂದೊಂದು ಸ್ಲೈಡ್ ಮೀಸಲಿಟ್ಟು, ಒಂದೇ ತುಂಡನ್ನು ಒಟ್ಟಿಗೆ ಕಲಿತ ಪರಿಣತರ ಗುಂಪು ಆ ಸ್ಲೈಡಿನಲ್ಲಿ ಮೂರು ಮುಖ್ಯ ಅಂಶ, ಒಂದು ಚಿತ್ರ ಮತ್ತು ಇತರರಿಗೆ ಕೇಳಲು ಒಂದು ಪ್ರಶ್ನೆಯನ್ನು ಇಡುವಂತೆ ಹೇಳಿ. ವಿಡಿಯೊ ತರಗತಿಯಾದರೆ ಝೂಮ್ ಅಥವಾ ಟೀಮ್ಸ್‌ನ ಬ್ರೇಕ್‌ಔಟ್ ರೂಮ್‌ಗಳೆಂಬ ಪ್ರತ್ಯೇಕ ಕೋಣೆಗಳಲ್ಲಿ ಪರಿಣತರ ಗುಂಪುಗಳನ್ನು ಕೂರಿಸಬಹುದು. ಯಾವ ಕೋಣೆಯಲ್ಲಿ ಕೆಲಸ ನಡೆಯುತ್ತಿದೆ, ಯಾವುದು ಮೌನವಾಗಿದೆ ಎಂಬುದು ಶಿಕ್ಷಕರಿಗೆ ಸ್ಲೈಡ್‌ಗಳಿಂದಲೇ ತಿಳಿಯುತ್ತದೆ, ಎಲ್ಲ ಕೋಣೆಗಳಿಗೂ ಓಡಾಡಬೇಕಿಲ್ಲ.

ಬರೆಯುವ ಪುಟದ ವಿನ್ಯಾಸ

ಖಾಲಿ ಪುಟವನ್ನು ತೆರೆದು ಮೂವತ್ತು ಜನರನ್ನು ಒಳಬಿಟ್ಟರೆ ಎಲ್ಲರೂ ಮೊದಲ ಸಾಲಿಗೇ ಮುಗಿಬೀಳುತ್ತಾರೆ; ಒಬ್ಬರು ಎಂಟರ್ ಒತ್ತಿದಂತೆಲ್ಲ ಇನ್ನೊಬ್ಬರ ಬರಹ ಕೆಳಕ್ಕೆ ಜಾರುತ್ತದೆ. ಬಾಳೆಎಲೆ ಹಾಸಿದ ಮೇಲೆ ಪಂಕ್ತಿಗೆ ಕರೆಯುವ ಹಾಗೆ, ಪುಟದಲ್ಲಿ ಒಬ್ಬೊಬ್ಬರಿಗೂ ಜಾಗ ಗುರುತಿಸಿದ ಮೇಲೆಯೇ ಲಿಂಕ್ ಕೊಡಬೇಕು. ಇದಕ್ಕೆ ಎರಡು ಅಂಕಣಗಳ ಕೋಷ್ಟಕವೊಂದು ಸಾಕು: ಎಡಗಡೆ ವಿದ್ಯಾರ್ಥಿಯ ಹೆಸರು, ಬಲಗಡೆ ಬರೆಯುವ ಜಾಗ. ಹೆಸರನ್ನು ಶಿಕ್ಷಕರೇ ಮೊದಲು ತುಂಬಿಡಬೇಕು. ಖಾಲಿ ಉಳಿದ ಚೌಕವನ್ನು ಯಾರೂ ಬೊಟ್ಟು ಮಾಡಬೇಕಾಗಿಲ್ಲ, ಅದು ಆ ವಿದ್ಯಾರ್ಥಿಗೇ ಕಾಣುತ್ತದೆ.

ಪುಟದ ತಲೆಯಲ್ಲಿ ಏನು ಮಾಡಬೇಕು, ಎಷ್ಟು ಬರೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಮೂರ್ನಾಲ್ಕು ಸಾಲಿನಲ್ಲಿ ಬರೆದಿಡಿ. ಬಾಯಲ್ಲಿ ಹೇಳಿದ ಸೂಚನೆ ಎರಡು ನಿಮಿಷದಲ್ಲಿ ಮರೆತುಹೋಗುತ್ತದೆ. ಪುಟದಲ್ಲಿರುವ ಸೂಚನೆಯನ್ನು ತಡವಾಗಿ ಬಂದವರೂ ಓದಬಹುದು. ಮೊದಲ ಚೌಕದಲ್ಲಿ ಶಿಕ್ಷಕರು ತಾವೇ ಒಂದು ಮಾದರಿ ಉತ್ತರ ಬರೆದಿಟ್ಟರೆ ನಿರೀಕ್ಷೆಯ ಮಟ್ಟವೂ ಸ್ಪಷ್ಟವಾಗುತ್ತದೆ. ಗೂಗಲ್ ಡಾಕ್ಸ್‌ನ ಒಂದು ಕಡತದಲ್ಲಿ ಏಕಕಾಲಕ್ಕೆ ನೂರು ಟ್ಯಾಬ್ ಅಥವಾ ಸಾಧನಗಳವರೆಗೆ ತಿದ್ದಲು ಅವಕಾಶವಿದೆ. ಆದರೆ ತಾಂತ್ರಿಕವಾಗಿ ಸಾಧ್ಯವಾದದ್ದೆಲ್ಲ ಕಲಿಕೆಗೆ ಒಳ್ಳೆಯದಲ್ಲ. ಚರ್ಚೆ ಬೇಕಾದ ಕೆಲಸಕ್ಕೆ ಒಂದು ಪುಟಕ್ಕೆ ನಾಲ್ಕು ಜನ ಸಾಕು. ಎಲ್ಲರ ಉತ್ತರವನ್ನು ಒಂದೆಡೆ ಸೇರಿಸುವುದಷ್ಟೇ ಉದ್ದೇಶವಾದರೆ ಇಡೀ ತರಗತಿಗೆ ಒಂದೇ ಪುಟ ಇರಬಹುದು.

ಇತರರ ಉತ್ತರ ನೋಡಿ ಬರೆಯುವ ಸಮಸ್ಯೆಯೂ ಇಲ್ಲಿ ಏಳುತ್ತದೆ. ಒಬ್ಬ ಜಾಣ ವಿದ್ಯಾರ್ಥಿ ಬೇಗ ಬರೆದರೆ ಉಳಿದವರ ಉತ್ತರಗಳೆಲ್ಲ ಅದರ ನೆರಳಾಗುತ್ತವೆ. ಇದಕ್ಕೆ ಪ್ಯಾಡ್‌ಲೆಟ್‌ನಲ್ಲಿ ಒಂದು ಉಪಾಯವಿದೆ: ಬಂದ ಚೀಟಿಗಳನ್ನು ಶಿಕ್ಷಕರು ಒಪ್ಪಿದ ಮೇಲೆಯೇ ಪ್ರಕಟವಾಗುವಂತೆ ಸೆಟ್ ಮಾಡಿ, ಎಲ್ಲರೂ ಬರೆದು ಮುಗಿಸಿದ ಬಳಿಕ ಒಟ್ಟಿಗೆ ತೆರೆಯಬಹುದು. ಗೂಗಲ್ ಕ್ಲಾಸ್‌ರೂಮ್‌ನ ‘ಪ್ರಶ್ನೆ’ ವಿಭಾಗದಲ್ಲಿಯೂ ಸಹಪಾಠಿಗಳಿಗೆ ಪ್ರತಿಕ್ರಿಯಿಸುವ ಅವಕಾಶ ಕೊಟ್ಟಾಗ, ತಮ್ಮ ಉತ್ತರ ಸಲ್ಲಿಸಿದ ಮೇಲಷ್ಟೇ ಇತರರ ಉತ್ತರ ಕಾಣುತ್ತದೆ. ಮೊದಲು ಒಬ್ಬೊಬ್ಬರೇ ಯೋಚಿಸಿ, ಆಮೇಲೆ ಜೋಡಿಯಾಗಿ ಮಾತಾಡಿ, ಕೊನೆಗೆ ತರಗತಿಗೆ ಹೇಳುವ ಕ್ರಮವನ್ನು ಶಿಕ್ಷಣತಜ್ಞ ಫ್ರ್ಯಾಂಕ್ ಲೈಮನ್ 1981ರಲ್ಲಿ ಮುಂದಿಟ್ಟಿದ್ದರು; ಪರದೆಯ ಮೇಲೂ ಆ ಕ್ರಮ ತಪ್ಪಬಾರದು.

ಮೊದಲ ತರಗತಿ

ಹೊಸ ಸಾಧನವನ್ನೂ ಹೊಸ ಪಾಠವನ್ನೂ ಒಂದೇ ದಿನ ಕೊಡಬೇಡಿ. ಮೊದಲ ದಿನದ ಕೆಲಸ ತೀರಾ ಸುಲಭದ್ದಾಗಿರಲಿ. ಕಳೆದ ಪಾಠದಿಂದ ನೆನಪಿರುವ ಒಂದು ಸಂಗತಿಯನ್ನು ತಮ್ಮ ಚೌಕದಲ್ಲಿ ಬರೆದು, ಪಕ್ಕದವರ ಚೌಕಕ್ಕೆ ಒಂದು ಕಾಮೆಂಟ್ ಹಾಕುವಷ್ಟೇ ಸಾಕು. ಆಟವಾಡುವುದಕ್ಕೂ ಐದು ನಿಮಿಷ ಬಿಟ್ಟುಕೊಡಿ. ಹೊಸ ಪುಟ ಕಂಡ ಮಕ್ಕಳು ಬಣ್ಣ ಬದಲಿಸಿ, ಚಿತ್ರ ಅಂಟಿಸಿ, ಯಾರದೋ ಪದ ಅಳಿಸಿ ನೋಡಿಯೇ ನೋಡುತ್ತಾರೆ. ಅದಕ್ಕೊಂದು ಪ್ರತ್ಯೇಕ ಪುಟ ಕೊಟ್ಟರೆ ನಿಜವಾದ ಕೆಲಸದ ಪುಟ ಸುರಕ್ಷಿತವಾಗಿ ಉಳಿಯುತ್ತದೆ.

ಆ ದಿನವೇ ಒಂದು ಪ್ರದರ್ಶನವನ್ನೂ ಮಾಡಬೇಕು. ಆಟದ ಪುಟದಲ್ಲಿರುವುದನ್ನೆಲ್ಲ ಎಲ್ಲರೆದುರೇ ಅಳಿಸಿ, ‘ವರ್ಷನ್ ಹಿಸ್ಟರಿ’ ತೆರೆದು, ಹತ್ತು ನಿಮಿಷದ ಹಿಂದಿನ ರೂಪವನ್ನು ಮರಳಿ ತನ್ನಿ. ಇದರಿಂದ ಎರಡು ಪ್ರಯೋಜನ. ಕೈತಪ್ಪಿ ಅಳಿಸಿದರೂ ಏನೂ ಕಳೆದುಹೋಗದು ಎಂಬ ಧೈರ್ಯ ಅಂಜುವ ಮಕ್ಕಳಿಗೆ ಬರುತ್ತದೆ. ಬೇಕೆಂದೇ ಅಳಿಸಿದರೆ ಹೆಸರು, ಸಮಯ ಎರಡೂ ದಾಖಲಾಗುತ್ತವೆ ಎಂಬ ಅರಿವು ತುಂಟರಿಗೆ ಬರುತ್ತದೆ. ‘ಅನ್‌ಡು’ ಒತ್ತಿದರೆ ತಾವು ಮಾಡಿದ ಬದಲಾವಣೆ ಮಾತ್ರ ಹಿಂದಕ್ಕೆ ಹೋಗುತ್ತದೆ, ಇತರರು ಅಳಿಸಿದ್ದನ್ನು ಮರಳಿ ತರಲು ಹಿಸ್ಟರಿಯೇ ಬೇಕು ಎಂಬ ವ್ಯತ್ಯಾಸವನ್ನೂ ಹೇಳಿಕೊಡಿ. ಹಳೆಯ ರೂಪವನ್ನು ಮರುಸ್ಥಾಪಿಸಿದಾಗ ನಡುವಿನ ರೂಪಗಳು ನಾಶವಾಗುವುದಿಲ್ಲ, ಅವೂ ಹಿಸ್ಟರಿಯಲ್ಲಿಯೇ ಇರುತ್ತವೆ. ಆದರೆ ಮರುಸ್ಥಾಪನೆ ಇಡೀ ಪುಟಕ್ಕೆ ಅನ್ವಯಿಸುವುದರಿಂದ, ಒಬ್ಬರ ಪ್ಯಾರಾವನ್ನು ಉಳಿಸಲು ಹೋಗಿ ಅದರ ನಂತರ ಇತರರು ಬರೆದದ್ದನ್ನು ಮರೆಮಾಡಬಾರದು. ಅಂಥ ಸಂದರ್ಭದಲ್ಲಿ ಹಳೆಯ ರೂಪದಿಂದ ಆ ಪ್ಯಾರಾವನ್ನಷ್ಟೇ ನಕಲು ಮಾಡಿ ತಂದು ಅಂಟಿಸುವುದು ಒಳ್ಳೆಯದು.

ತಿದ್ದುವುದನ್ನು ಕಲಿಸುವುದು

ಮಕ್ಕಳಿಗೆ ಇನ್ನೊಬ್ಬರ ಬರಹದ ಬಗ್ಗೆ ಏನಾದರೂ ಹೇಳಿ ಎಂದರೆ ‘ಚೆನ್ನಾಗಿದೆ’ ಎಂದು ಬರೆದು ಸುಮ್ಮನಾಗುತ್ತಾರೆ. ಹೇಗೆ ಹೇಳಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಕಾಮೆಂಟಿಗೆ ಒಂದು ಚೌಕಟ್ಟು ಕೊಡಿ: ಇಡೀ ಬರಹವನ್ನು ಹೊಗಳದೆ ಒಂದು ವಾಕ್ಯವನ್ನು ಆರಿಸಿ, ಅದು ಏಕೆ ಹಿಡಿಸಿತೆಂದು ಹೇಳಬೇಕು, ಅರ್ಥವಾಗದ ಒಂದು ಜಾಗವನ್ನು ಗುರುತಿಸಿ ಪ್ರಶ್ನೆ ಕೇಳಬೇಕು. ‘ಇಲ್ಲಿ ಅದು ಎಂದರೆ ಯಾವುದು?’ ಎಂಬ ಪುಟ್ಟ ಪ್ರಶ್ನೆ ಬರೆದವನನ್ನು ತನ್ನ ವಾಕ್ಯಕ್ಕೆ ಮರಳಿಸುತ್ತದೆ. ಬರೆದವರು ಆ ಕಾಮೆಂಟಿಗೆ ಉತ್ತರಿಸಿ, ತಿದ್ದಿ, ಆಮೇಲಷ್ಟೇ ಅದನ್ನು ಮುಚ್ಚಬೇಕು ಎಂಬ ನಿಯಮವಿದ್ದರೆ ಕಾಮೆಂಟ್‌ಗಳು ಅಲಂಕಾರವಾಗಿ ಉಳಿಯುವುದಿಲ್ಲ.

ನೇರವಾಗಿ ತಿದ್ದುವುದಕ್ಕಿಂತ ‘ಸಜೆಸ್ಟಿಂಗ್’ ವಿಧಾನವನ್ನು ಬಳಸುವುದು ಮೇಲು. ಇದರಲ್ಲಿ ಬದಲಾವಣೆಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ, ಒಪ್ಪುವುದೂ ಬಿಡುವುದೂ ಬರೆದವರ ಕೈಯಲ್ಲಿರುತ್ತದೆ. ಶಿಕ್ಷಕರು ಈ ವಿಧಾನದಲ್ಲಿ ಪ್ರತಿ ಕಾಗುಣಿತ ದೋಷವನ್ನೂ ತಿದ್ದತೊಡಗಿದರೆ ವಿದ್ಯಾರ್ಥಿ ಓದದೆಯೇ ‘ಒಪ್ಪಿದೆ’ ಎಂದು ಒತ್ತುತ್ತ ಹೋಗುತ್ತಾನೆ. ಮೊದಲ ಪ್ಯಾರಾದಲ್ಲಿ ಒಂದು ಬಗೆಯ ತಪ್ಪನ್ನು ತೋರಿಸಿ, ಅದೇ ಬಗೆಯದು ಇನ್ನೂ ಎಲ್ಲೆಲ್ಲಿದೆ ಹುಡುಕು ಎಂದು ಕಾಮೆಂಟ್ ಬರೆಯುವುದರಿಂದ ಶಿಕ್ಷಕರ ಸಮಯವೂ ಉಳಿಯುತ್ತದೆ, ಕಲಿಕೆಯೂ ಆಗುತ್ತದೆ. ಮಕ್ಕಳು ಬರೆಯುತ್ತಿರುವಾಗಲೇ ಕಾಮೆಂಟ್‌ಗಳ ಸುರಿಮಳೆ ಮಾಡುವುದೂ ಸರಿಯಲ್ಲ. ಯಾರೋ ಮೇಲಿನಿಂದ ನೋಡುತ್ತಿದ್ದಾರೆಂಬ ಒತ್ತಡದಲ್ಲಿ ಮೊದಲ ಕರಡನ್ನು ಬರೆಯುವುದು ದೊಡ್ಡವರಿಗೂ ಕಷ್ಟ. ಇಂತಿಷ್ಟು ಹೊತ್ತು ನಾನು ಪುಟಕ್ಕೆ ಬರುವುದಿಲ್ಲ ಎಂದು ಮೊದಲೇ ತಿಳಿಸಿ, ಆ ಮಾತನ್ನು ಉಳಿಸಿಕೊಳ್ಳಿ.

ಅಂಕ ಕೊಡುವಾಗ

ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ದುಡಿದವರಿಗೆ ಅನ್ಯಾಯವಾಗುತ್ತದೆ. ಬರೀ ವೈಯಕ್ತಿಕ ಅಂಕ ಕೊಟ್ಟರೆ ಒಬ್ಬರಿಗೊಬ್ಬರು ನೆರವಾಗುವ ಕಾರಣವೇ ಉಳಿಯುವುದಿಲ್ಲ. ಎರಡನ್ನೂ ಸೇರಿಸುವುದು ಉತ್ತಮ: ಮುಗಿದ ಕೆಲಸಕ್ಕೆ ಗುಂಪಿನ ಅಂಕ, ತನ್ನ ಪಾಲಿಗೆ ಮತ್ತು ಇತರರಿಗೆ ಕೊಟ್ಟ ಕಾಮೆಂಟ್‌ಗಳಿಗೆ ವೈಯಕ್ತಿಕ ಅಂಕ. ವೈಯಕ್ತಿಕ ಪಾಲನ್ನು ನೋಡಲು ವರ್ಷನ್ ಹಿಸ್ಟರಿ ನೆರವಾಗುತ್ತದೆ, ಆದರೆ ಅದನ್ನು ತಕ್ಕಡಿಯಂತೆ ಬಳಸಬಾರದು. ಹೆಚ್ಚು ಅಕ್ಷರ ಟೈಪ್ ಮಾಡಿದವರು ಹೆಚ್ಚು ಯೋಚಿಸಿದವರೇ ಆಗಿರಬೇಕಿಲ್ಲ. ಒಬ್ಬಳು ಬಾಯಲ್ಲಿ ಹೇಳುತ್ತ ಇನ್ನೊಬ್ಬಳು ಟೈಪ್ ಮಾಡಿರಬಹುದು. ಬೇರೆಡೆ ಬರೆದು ತಂದು ಒಮ್ಮೆಗೇ ಅಂಟಿಸಿರಬಹುದು. ಒಂದು ಗುಂಪಿಗೆ ಒಂದೇ ಸಾಧನ ಇದ್ದಲ್ಲಿ ಹಿಸ್ಟರಿಯಲ್ಲಿ ಒಂದೇ ಹೆಸರು ಕಾಣುತ್ತದೆ. ಅಲ್ಲಿ ಬರೆಯುವವರ ಸರದಿ ಹತ್ತು ನಿಮಿಷಕ್ಕೊಮ್ಮೆ ಬದಲಾಗಲಿ, ಒಂದೊಂದು ಅಂಶ ಹೇಳಿದವರ ಹೆಸರನ್ನು ಪಕ್ಕದಲ್ಲಿ ಬರೆಯಲಿ. ಕೆಲಸ ಮುಗಿದ ಮೇಲೆ ‘ಗುಂಪಿನ ಯಾರ ಯಾವ ಮಾತು ನಿನ್ನ ಅಭಿಪ್ರಾಯವನ್ನು ಬದಲಿಸಿತು?’ ಎಂದು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿದರೆ ಹಿಸ್ಟರಿ ತೋರಿಸದ ಸಂಗತಿಗಳು ಹೊರಬರುತ್ತವೆ.

ಸಂಪರ್ಕ ದುರ್ಬಲವಾಗಿರುವ ಕಡೆ ವಿಡಿಯೊವನ್ನು ನಿಲ್ಲಿಸಿ ಪುಟವನ್ನು ಮಾತ್ರ ಉಳಿಸಿಕೊಳ್ಳಬಹುದು. ಪಠ್ಯಕ್ಕೆ ಬೇಕಾಗುವ ಡೇಟಾ ವಿಡಿಯೊಗೆ ಹೋಲಿಸಿದರೆ ಅತ್ಯಲ್ಪ. ಗೂಗಲ್ ಡಾಕ್ಸ್ ಕಡತವನ್ನು ಮೊದಲೇ ಆಫ್‌ಲೈನಿಗೆ ಲಭ್ಯವಾಗುವಂತೆ ಗುರುತಿಸಿಟ್ಟರೆ ಸಂಪರ್ಕವಿಲ್ಲದಾಗಲೂ ಬರೆಯಬಹುದು; ಸಂಪರ್ಕ ಮರಳಿದಾಗ ಬರೆದದ್ದು ಹಂಚಿಕೊಂಡ ಪುಟಕ್ಕೆ ಸೇರುತ್ತದೆ. ಇಬ್ಬರು ಆಫ್‌ಲೈನಿನಲ್ಲಿ ಒಂದೇ ವಾಕ್ಯವನ್ನು ತಿದ್ದಿದರೆ ಗೊಂದಲವಾಗುವುದರಿಂದ, ಮೇಲೆ ಹೇಳಿದ ಹೆಸರಿನ ಚೌಕಗಳು ಇಲ್ಲಿ ಇನ್ನಷ್ಟು ಅಗತ್ಯ.

ಮಕ್ಕಳ ಮಾಹಿತಿ ಮತ್ತು ವರ್ಷದ ಕೊನೆ

ಉಚಿತವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಯಾವುದೋ ಜಾಲತಾಣದಲ್ಲಿ ನೋಂದಾಯಿಸಬಾರದು. ಅಮೆರಿಕದಲ್ಲಿ 1998ರ ಕಾಯ್ದೆಯು 13 ವರ್ಷದೊಳಗಿನ ಮಕ್ಕಳ ಮಾಹಿತಿ ಸಂಗ್ರಹಕ್ಕೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ನಿಯಮವು ಆ ವಯಸ್ಸನ್ನು 16 ಎಂದು ಇಟ್ಟು, 13ರವರೆಗೆ ಇಳಿಸಿಕೊಳ್ಳಲು ಸದಸ್ಯ ದೇಶಗಳಿಗೆ ಅವಕಾಶ ಕೊಟ್ಟಿದೆ. ತಮ್ಮಲ್ಲಿ ಅನ್ವಯಿಸುವ ನಿಯಮವನ್ನು ಆಡಳಿತದವರಿಂದ ತಿಳಿದುಕೊಂಡು, ಸಾಧ್ಯವಾದಷ್ಟೂ ಸಂಸ್ಥೆಯೇ ನಿರ್ವಹಿಸುವ ಖಾತೆಗಳನ್ನು ಬಳಸಬೇಕು. ಫಲಕಗಳಲ್ಲಿ ಪೂರ್ಣ ಹೆಸರು, ಭಾವಚಿತ್ರ, ದೂರವಾಣಿ ಸಂಖ್ಯೆ ಯಾವುದೂ ಇರಬಾರದು. ಮಕ್ಕಳ ಅಂಕಪಟ್ಟಿಯನ್ನು ಹಂಚಿಕೊಂಡ ಕೋಷ್ಟಕದಲ್ಲಿ ಇಡುವುದಂತೂ ಕೂಡದು. ಆ ಹಾಳೆಯನ್ನು ಮರೆಮಾಡಿದರೂ ತಿದ್ದುವ ಅನುಮತಿ ಇರುವವರು ಅದನ್ನು ತೆರೆಯಬಲ್ಲರು.

ಸೇವೆಗಳು ಶಾಶ್ವತವಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅನೇಕ ಶಿಕ್ಷಕರು ನೆಚ್ಚಿಕೊಂಡಿದ್ದ ಗೂಗಲ್ ಜ್ಯಾಮ್‌ಬೋರ್ಡ್ ಎಂಬ ಫಲಕ 2024ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಹಾಗಾಗಿ ಒಂದೊಂದು ಘಟಕ ಮುಗಿದಾಗಲೂ ಉಳಿಸಬೇಕಾದ ಫಲಕವನ್ನು ಪಿಡಿಎಫ್ ಆಗಿ, ಪುಟಗಳನ್ನು ವರ್ಡ್ ಕಡತವಾಗಿ, ಕೋಷ್ಟಕವನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಂಡು ಬೇರೆಡೆ ಇಡಿ. ಹೀಗೆ ಇಳಿಸಿದ ಪ್ರತಿಯ ಜೊತೆ ವರ್ಷನ್ ಹಿಸ್ಟರಿ ಬರುವುದಿಲ್ಲ. ಆದ್ದರಿಂದ ಪಾಲಿನ ಮೌಲ್ಯಮಾಪನವನ್ನು ಅದಕ್ಕೂ ಮೊದಲೇ ಮುಗಿಸಿರಬೇಕು. ವರ್ಷದ ಕೊನೆಯಲ್ಲಿ ಎಲ್ಲ ಕಡತಗಳ ತಿದ್ದುವ ಅನುಮತಿಯನ್ನು ನೋಡುವ ಅನುಮತಿಗೆ ಇಳಿಸಿ. ಸಂಸ್ಥೆ ಬಿಡುವ ವಿದ್ಯಾರ್ಥಿಗಳ ಖಾತೆ ಮುಚ್ಚಿದಾಗ ಅವರ ಬರಹಗಳೂ ಅಲ್ಲಿಯೇ ಉಳಿದುಹೋಗುತ್ತವೆ. ಅದಕ್ಕೆ ಮೊದಲು ಒಂದು ತರಗತಿಯ ಸಮಯವನ್ನು ಮೀಸಲಿಟ್ಟು, ತಾವು ಬರೆದದ್ದನ್ನೂ ತಮ್ಮ ಗುಂಪಿನ ಕೆಲಸವನ್ನೂ ಅವರು ತಮ್ಮ ಸ್ವಂತ ಜಾಗಕ್ಕೆ ನಕಲು ಮಾಡಿಕೊಳ್ಳುವಂತೆ ಜೊತೆಗಿದ್ದು ಮಾಡಿಸಬೇಕು.